ಟಿ, ಎಚ್, ವಿ: ಹಳೇ ಕಾರಿಗೆ ಯಾವ ಅಕ್ಷರದ ಟೈರ್?

ನನ್ನ ಕಾರು 1998ರದು. ಹೊಸದಿದ್ದಾಗ ಗಂಟೆಗೆ 175 ಕಿ.ಮೀ. ಓಡುತ್ತಿತ್ತು ಅಂತ ಕೈಪಿಡಿಯಲ್ಲಿದೆ. ಈಗ 110 ದಾಟಿದರೆ ಡ್ಯಾಶ್‌ಬೋರ್ಡ್ ಒಳಗೆ ಏನೋ ಗೊಣಗಲು ಶುರುಮಾಡುತ್ತದೆ, ನಾನೇ ಕಾಲು ತೆಗೆಯುತ್ತೇನೆ. ಇಂಥ ಕಾರಿಗೆ ಗಂಟೆಗೆ 210 ಕಿ.ಮೀ. ತಾಳುವ ಟೈರ್ ಹಾಕಿಸಿಕೊಂಡು ಬಂದೆ ಅಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು: "ಯಾರನ್ನು ಅಟ್ಟಿಸಿಕೊಂಡು ಹೋಗ್ಬೇಕಾಗಿದೆ ನಿಮಗೆ?"

ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಟೈರಿನ ಅಳತೆ, ಗಾಳಿಯ ಒತ್ತಡ ಬರೆದ ಸ್ಟಿಕರ್ ಇರುತ್ತದೆ. ನನ್ನದು ಅರ್ಧ ಅಳಿಸಿಹೋಗಿತ್ತು, ಕೈಪಿಡಿ ಹುಡುಕಬೇಕಾಯಿತು. 185/65 ಆರ್14 86ಟಿ. ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ರಿಮ್ 14 ಇಂಚು. 86 ಅನ್ನುವುದು ಭಾರದ ಸಂಕೇತ, ಒಂದು ಟೈರ್ 530 ಕೆ.ಜಿ. ಹೊರುತ್ತದೆ ಅಂತ. ಕೊನೆಯ ಅಕ್ಷರ ವೇಗದ್ದು, ಗಂಟೆಗೆ ಎಷ್ಟು ಕಿ.ಮೀ. ತನಕ ತಾಳುತ್ತದೆ ಅಂತ. ಎಸ್ ಅಂದರೆ 180, ಟಿ 190, ಯು 200, ಎಚ್ 210, ವಿ 240. ಯು ಆದಮೇಲೆ ಎಚ್ ಹೇಗೆ ಬಂತು ಅಂತ ನಾನೂ ತಲೆ ಕೆರೆದುಕೊಂಡಿದ್ದೆ. ಮೊದಲು ಎಸ್, ಎಚ್, ವಿ ಅಂತ ಮೂರೇ ದರ್ಜೆ ಇದ್ದವಂತೆ. ಆಮೇಲೆ ನಡುನಡುವೆ ಬೇರೆ ಅಕ್ಷರ ತುರುಕಿದರು, ಎಚ್ ಮಾತ್ರ ಕೂತಲ್ಲಿಂದ ಏಳಲಿಲ್ಲ.

ಈ ಅಕ್ಷರ ಟೈರಿಗೆ ಸಿಗುವುದು ರಸ್ತೆಯ ಮೇಲಲ್ಲ, ಲ್ಯಾಬಿನಲ್ಲಿ. ದೊಡ್ಡ ಉಕ್ಕಿನ ಡ್ರಮ್ಮಿಗೆ ಟೈರನ್ನು ಒತ್ತಿ ಹಿಡಿದು, ಭಾರ ಹೊರಿಸಿ, ಹಂತಹಂತವಾಗಿ ವೇಗ ಏರಿಸುತ್ತಾರೆ. ಪ್ರತಿ ಹಂತದಲ್ಲೂ ಕೆಲವು ನಿಮಿಷ ಓಡಿಸುತ್ತಾರೆ. ಒಡೆಯದೆ, ಪದರ ಬಿಡದೆ ಉಳಿದರೆ ಪಾಸು. ಅಲ್ಲಿ ಪರೀಕ್ಷೆ ಆಗುವುದು ಬಿಸಿ ತಡೆಯುವ ತಾಕತ್ತು. ಮಳೆಯಲ್ಲಿ ಎಷ್ಟು ಹಿಡಿಯುತ್ತದೆ, ಬ್ರೇಕ್ ಹಾಕಿದರೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಆ ಡ್ರಮ್ ಕೇಳುವುದೇ ಇಲ್ಲ. ಇದನ್ನು ಮರೆತೇ ನಾನು ಒಂದು ವರ್ಷ ತಪ್ಪು ಪಾಠ ಹೇಳಿಕೊಂಡು ತಿರುಗಿದ್ದು.

ಆಗಿದ್ದಿಷ್ಟು. ನನ್ನ ಹಳೇ ಟಿ ಟೈರುಗಳು ಸವೆದಾಗ ಎಚ್ ಹಾಕಿಸಿದೆ. ಅಂಗಡಿಯಿಂದ ಹೊರಗೆ ಬರುತ್ತಿದ್ದಂತೆ ಕಾರು ಬೇರೆಯೇ ಅನ್ನಿಸಿತು. ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತಿತ್ತು, ನೇರ ರಸ್ತೆಯಲ್ಲಿ ಅತ್ತಿತ್ತ ಓಲಾಡುವುದು ನಿಂತಿತ್ತು. ಸಿಕ್ಕವರಿಗೆಲ್ಲ ಎಚ್ ಹಾಕಿಸಿ ಅಂತ ಹೇಳಿದೆ. ಎಷ್ಟೋ ದಿನ ಆದಮೇಲೆ ಹಳೇ ಬಿಲ್ ಕೈಗೆ ಸಿಕ್ಕಿತು. ಅದೇ ದಿನ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಎರಡೂ ಬದಲಾಯಿಸಿ, ಮುಂದಿನ ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್ ಹಾಕಿ, ಅಲೈನ್‌ಮೆಂಟ್ ಮಾಡಿಸಿದ್ದೆ! ಸ್ಟೇರಿಂಗ್ ಸರಿಹೋಗಿದ್ದು ಯಾವುದರಿಂದ ಅಂತ ಈಗ ಯಾರು ಹೇಳಬೇಕು? ಅದೂ ಅಲ್ಲದೆ ನಾನು ಹೋಲಿಸಿದ್ದು ಹೊಸ ಎಚ್ ಮತ್ತು ನುಣ್ಣಗಾದ ಟಿ. ಹೊಸ ಚಪ್ಪಲಿ, ಹರಿದ ಚಪ್ಪಲಿ ಹೋಲಿಸಿದ ಹಾಗೆ.

ನಮ್ಮ ಭಾವನ ಹತ್ತಿರವೂ ಇದೇ ಮಾದರಿಯ ಕಾರಿದೆ. ಅವರು ಹಿಂದೆ ಹುಮ್ಮಸ್ಸಿನಲ್ಲಿ 15 ಇಂಚಿನ ರಿಮ್ಮಿಗೆ ವಿ ಟೈರ್ ಹಾಕಿಸಿದ್ದರು. ಬೆನ್ನುನೋವು ಬಂದಮೇಲೆ ಅದನ್ನು ಬಿಚ್ಚಿಟ್ಟು, ಹೊಸ 14 ಇಂಚಿನ ಟಿ ಹಾಕಿಸಿಕೊಂಡರು. ಆ ಟಿ ನನ್ನ ಎಚ್‌ನದೇ ಕಂಪನಿ, ಅದೇ ಮಾದರಿ, ಟ್ರೆಡ್ ವಿನ್ಯಾಸವೂ ಅದೇ. ಒಂದು ಭಾನುವಾರ ನನ್ನ ಕಾರನ್ನೇ ಜಾಕ್ ಮೇಲೆ ಏರಿಸಿ, ಮೂರೂ ಜೋಡಣೆ ಒಂದಾದಮೇಲೊಂದು ಹಾಕಿ ನೋಡುವುದು ಅಂತಾಯಿತು. ಒಂದೇ ಕಾರು, ಒಂದೇ ಡ್ರೈವರ್, ಒಂದೇ ರಸ್ತೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಎಲ್ಲಕ್ಕೂ 30 ಪಿಎಸ್‌ಐ ಗಾಳಿ. ಹನ್ನೆರಡು ಚಕ್ರ, ನಲವತ್ತೆಂಟು ನಟ್ಟು. ಸೊಂಟ ಎರಡು ದಿನ ಮಾತಾಡಲಿಲ್ಲ.

ಮೊದಲು ಟಿ. ಗುಂಡಿ ಬಿದ್ದ ರಸ್ತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಹಂಪ್ ಹತ್ತಿ ಇಳಿದಾಗ ಒಂದು ಮೆತ್ತನೆ "ದಪ್" ಅಷ್ಟೇ. ಹೆದ್ದಾರಿಯಲ್ಲಿ 90ರಲ್ಲಿ ಸದ್ದೂ ಕಡಿಮೆ. ಲೇನ್ ಬದಲಿಸಲು ಸ್ಟೇರಿಂಗನ್ನು ಜೋರಾಗಿ ಎಳೆದರೆ ಮಾತ್ರ ಕಾರು ಒಂದು ಕ್ಷಣ ಯೋಚನೆ ಮಾಡುತ್ತದೆ. ಮೊದಲು ಟೈರ್ ಬಾಗುತ್ತದೆ, ಆಮೇಲೆ ಕಾರು ಹೊರಡುತ್ತದೆ. ದಿನಾ ಓಡಾಡುವಾಗ ಇದು ಗೊತ್ತೇ ಆಗುವುದಿಲ್ಲ.

ನಂತರ ಎಚ್. ಆ ಒಂದು ಕ್ಷಣದ ಯೋಚನೆ ಅರ್ಧಕ್ಕೆ ಇಳಿಯಿತು. ಅಷ್ಟೇ ವ್ಯತ್ಯಾಸ. ಒಂದು ವರ್ಷ ನಾನು ಹೊಗಳಿದ ಆ ಮಹಾ ಬದಲಾವಣೆ ಎಲ್ಲೂ ಕಾಣಲಿಲ್ಲ. ಅದು ಬುಷ್‌ನದೇ ಪುಣ್ಯ ಅಂತ ಖಾತ್ರಿಯಾಯಿತು. ಎಚ್ ದರ್ಜೆಯ ಟೈರುಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಪಟ್ಟಿಗಳ ಮೇಲೆ ನೈಲಾನಿನ ಪದರ ಬಿಗಿಯಾಗಿ ಸುತ್ತಿರುತ್ತಾರೆ, ವೇಗದಲ್ಲಿ ಪಟ್ಟಿಗಳು ಹೊರಕ್ಕೆ ಉಬ್ಬದಿರಲಿ ಅಂತ. ಆ ಬಿಗಿ ಗುಂಡಿಗಳಲ್ಲಿ ಸ್ವಲ್ಪ ಗೊತ್ತಾಯಿತು. "ದಪ್" ಅಂದದ್ದು "ಟಪ್" ಆಯಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ಅಕ್ಕನಿಗೆ ಯಾವುದು ಟಿ, ಯಾವುದು ಎಚ್ ಅಂತ ಹೇಳದೆ ಕೇಳಿದೆವು. "ಎರಡೂ ಒಂದೇ, ನನ್ನನ್ನು ಮನೆಗೆ ಬಿಡಿ" ಅಂದಳು.

ವಿ ಹಾಕಿದಾಗ ಮಾತ್ರ ಅಕ್ಕನಿಗೂ ಗೊತ್ತಾಯಿತು. ಇದು 195/55 ಆರ್15 85ವಿ. ಹೊರಗಿನ ವ್ಯಾಸ ಲೆಕ್ಕ ಹಾಕಿದರೆ 596 ಮಿ.ಮೀ. ಹತ್ತಿರ, ನಮ್ಮ 14 ಇಂಚಿನದೂ ಅಷ್ಟೇ. ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. 195/60 ಹಾಕಿದ್ದರೆ ವ್ಯಾಸ 615 ಆಗಿ, ಮುಳ್ಳು 100 ತೋರಿಸುವಾಗ ಕಾರು 103ರಲ್ಲಿ ಇರುತ್ತಿತ್ತು. ಆದರೆ ಗೋಡೆಯ ಎತ್ತರ 120 ಮಿ.ಮೀ. ಇದ್ದದ್ದು 107ಕ್ಕೆ ಇಳಿದಿತ್ತು. ಆ 13 ಮಿ.ಮೀ. ರಬ್ಬರ್ ಮಾಡುತ್ತಿದ್ದ ಕೆಲಸವನ್ನು ಈಗ ನಮ್ಮ ಬೆನ್ನೇ ಮಾಡಬೇಕು. ತಿರುವಿನಲ್ಲಿ ಮಜಾ ಇದೆ, ಇಲ್ಲ ಅನ್ನಲಾರೆ. ಸ್ಟೇರಿಂಗ್ ಮುಟ್ಟಿದರೆ ಸಾಕು, ಕಾರು ಹೊರಟಿತು. ಆದರೆ ರಸ್ತೆಯ ಮೇಲೆ ಲಾರಿಗಳು ಮಾಡಿಟ್ಟ ಜಾಡು ಸಿಕ್ಕರೆ ತಾನೇ ಅದರ ಹಿಂದೆ ಹೋಗಲು ನೋಡುತ್ತದೆ. ಇಪ್ಪತ್ತು ವರ್ಷ ದಾಟಿದ ಸಸ್ಪೆನ್ಷನ್ ಪ್ರತಿ ಗುಂಡಿಗೂ ಒಂದೊಂದು ದೂರು ಹೇಳುತ್ತಿತ್ತು.

ಇದರಲ್ಲಿ ಇನ್ನೊಂದು ಕೊಕ್ಕೆಯೂ ಇದೆ. 85 ಅಂದರೆ 515 ಕೆ.ಜಿ. ಕೈಪಿಡಿ ಕೇಳುವುದು 86. ಅಕ್ಷರ ಮೂರು ಮೆಟ್ಟಿಲು ಹತ್ತಿದೆ, ಭಾರದ ಅಂಕಿ ಒಂದು ಮೆಟ್ಟಿಲು ಇಳಿದಿದೆ. "ನಾಲ್ಕು ಸೇರಿದರೆ 2060 ಕೆ.ಜಿ. ಆಯ್ತಲ್ಲೋ, ಕಾರು ಅಷ್ಟು ತೂಗುತ್ತಾ?" ಅಂದರು ಭಾವ. ತೂಗುವುದಿಲ್ಲ. ಆದರೆ ಭಾರ ನಾಲ್ಕಕ್ಕೂ ಸಮನಾಗಿ ಕೂರುವುದಿಲ್ಲ ಅಲ್ವಾ? ಬ್ರೇಕ್ ಹಿಡಿದರೆ ಮುಂದಕ್ಕೆ, ತಿರುಗಿದರೆ ಹೊರಬದಿಗೆ ಜಗ್ಗುತ್ತದೆ. ಜನ ಅಕ್ಷರ ನೋಡಿ ಮರುಳಾಗುತ್ತಾರೆ, ಪಕ್ಕದಲ್ಲೇ ಇರುವ ಅಂಕಿ ಓದುವುದೇ ಇಲ್ಲ. ನಾನಾದರೆ ಭಾರದಲ್ಲಿ ಒಂದು ಅಂಕಿಯನ್ನೂ ಬಿಟ್ಟುಕೊಡುವುದಿಲ್ಲ.

ಮಧ್ಯಾಹ್ನ ಮಳೆ ಬಂತು. ನಮಗೆ ಬೇಕಾದದ್ದೂ ಅದೇ. ಜನರಿಲ್ಲದ ರಸ್ತೆಯಲ್ಲಿ ಒಂದು ಕಲ್ಲು ಗುರುತು ಮಾಡಿಕೊಂಡು, 50ರ ವೇಗದಲ್ಲಿ ಬಂದು ಅಲ್ಲಿಂದ ಬ್ರೇಕ್. ಪ್ರತಿಯೊಂದಕ್ಕೂ ಮೂರು ಸಲ. ಟಿ ಮತ್ತು ಎಚ್ ನಿಂತ ಜಾಗದಲ್ಲಿ ನಮ್ಮ ಕಣ್ಣಿಗೆ ವ್ಯತ್ಯಾಸ ಸಿಗಲಿಲ್ಲ. ವಿ ಮೂರು ಸಲವೂ ಅರ್ಧ ಕಾರಿನಷ್ಟು ಮುಂದೆ ಹೋಗಿ ನಿಂತಿತು. ಮೂರರಲ್ಲಿ ದೊಡ್ಡ ಅಕ್ಷರ ಅದರದೇ! ಇಳಿದು ಟೈರ್ ಮೇಲೆ ಬೆರಳಾಡಿಸಿದೆ. ಟ್ರೆಡ್ ಬೇಕಾದಷ್ಟಿತ್ತು, ಆದರೆ ಉಗುರು ಒತ್ತಿದರೆ ರಬ್ಬರ್ ಬಗ್ಗುತ್ತಿರಲಿಲ್ಲ. ಗೋಡೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಆ ಪಕ್ಕದಲ್ಲೇ ಪುಟ್ಟ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: 3714. 2014ರ 37ನೇ ವಾರ ತಯಾರಾದದ್ದು. ವಯಸ್ಸಾಗಿತ್ತು, ಪಾಪ. ಡ್ರಮ್ಮಿನ ಮೇಲೆ ಪಾಸಾದಾಗ ಅದು ಹೊಸ ಟೈರು; ಆ 240 ಹೊಸತಾಗಿದ್ದಾಗಿನ ಮಾತು.

ಬಿಸಿಯ ವಿಷಯಕ್ಕೆ ಬರುತ್ತೇನೆ. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿಸಿ ಗಾಳಿ ನೋಡಿದರೆ ಮೂರರಲ್ಲೂ 33–34 ಪಿಎಸ್‌ಐ. ನನ್ನ ಕೈ ಗೇಜಿಗೆ ಅದಕ್ಕಿಂತ ಸೂಕ್ಷ್ಮ ಗೊತ್ತಾಗುವುದಿಲ್ಲ. ಅಂದರೆ ನಾವು ಓಡಿಸುವ ವೇಗದಲ್ಲಿ ಟಿ ಆದರೂ ಎಚ್ ಆದರೂ ಬೆವರುವುದಿಲ್ಲ. ಬೆವರುವುದು ಯಾವಾಗ ಅಂತ ತೋರಿಸಿದ್ದು ಹಿಂದೆ ಆದ ಒಂದು ಪಂಕ್ಚರ್. ಹಿಂದಿನ ಎಡ ಟೈರಿನಲ್ಲಿ ಸಣ್ಣ ಮೊಳೆ, ಗಾಳಿ ನಿಧಾನಕ್ಕೆ ಸೋರುತ್ತಿತ್ತು. ಗೊತ್ತಾಗದೆ ಸುಮಾರು ಮೂವತ್ತು ಕಿ.ಮೀ. ಬಂದಿದ್ದೆ, ಅದೂ 80ರ ಒಳಗೆ. ನಿಲ್ಲಿಸಿ ಮುಟ್ಟಿದರೆ ಗೋಡೆ ಕೈಯಿಡಲಾರದಷ್ಟು ಸುಡುತ್ತಿತ್ತು, ಸುಟ್ಟ ರಬ್ಬರಿನ ವಾಸನೆ ಬೇರೆ. ಗೇಜಿನಲ್ಲಿ 17.

ಲೆಕ್ಕ ಸುಲಭ. ಈ ಅಳತೆಯ ಟೈರ್ ಒಂದು ಸುತ್ತಿಗೆ 1.87 ಮೀಟರ್ ಓಡುತ್ತದೆ. 100ರಲ್ಲಿ ಸೆಕೆಂಡಿಗೆ ಹದಿನೈದು ಸುತ್ತು. ಪ್ರತಿ ಸುತ್ತಿಗೂ ಗೋಡೆಯ ಪ್ರತಿ ಭಾಗ ನೆಲದ ಹತ್ತಿರ ಬಂದಾಗ ಮಡಚಿ ಬಿಚ್ಚಿಕೊಳ್ಳಬೇಕು. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುವಾಗ ಅದು ಬಿಸಿಯಾಗುವುದನ್ನು ನೋಡಿದ್ದೀರಲ್ಲ, ಹಾಗೇ. ಗಾಳಿ ಕಡಿಮೆ ಇದ್ದರೆ ಮಡಿಕೆ ಆಳ, ಬಿಸಿ ಜಾಸ್ತಿ. ಕಾರಿನ ತುಂಬ ಜನ, ಮೇಲೆ ಸಾಮಾನು, ಕೆಳಗೆ ಕಾದ ರಸ್ತೆ ಸೇರಿದರೆ ಇನ್ನೂ ಜಾಸ್ತಿ. ಆ 17ರಲ್ಲಿ ಓಡಿದ್ದು ವಿ ಟೈರ್ ಆಗಿದ್ದರೂ ಬೇಯುತ್ತಿತ್ತು. ಪಂಕ್ಚರ್ ಹಾಕುವವರು ಟೈರನ್ನು ಬಿಚ್ಚಿ ಒಳಗೆ ತೋರಿಸಿದರು: ಗೋಡೆಯುದ್ದಕ್ಕೂ ಕಪ್ಪು ಪುಡಿ, ಮೆಣಸು ಚೆಲ್ಲಿದ ಹಾಗೆ. ರಬ್ಬರ್ ಒಳಗಿಂದಲೇ ಉಜ್ಜಿ ಉದುರಿತ್ತು. "ಪ್ಯಾಚ್ ಹಾಕಿ ಕೊಡ್ತೀನಿ, ಆದ್ರೆ ನಾನಾಗಿದ್ರೆ ಹಾಕ್ತಿರ್ಲಿಲ್ಲ ಸಾರ್" ಅಂದರು. ಬಿಸಾಡಿದೆ.

ಹಾಗಾದರೆ ಅಕ್ಷರಕ್ಕೆ ಬೆಲೆಯೇ ಇಲ್ವಾ ಅಂದರೆ, ಇದೆ. ಕೈಪಿಡಿಯ ಅಕ್ಷರಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ಅಂಗಡಿಯಲ್ಲಿ ಅದೇ ಅಳತೆಯ ಎಸ್ ಕೂಡ ತೋರಿಸಿದ್ದರು. "175 ಓಡೋ ಕಾರಿಗೆ 180 ಸಾಕಲ್ವಾ ಸಾರ್?" ಅಂದರು. ಲೆಕ್ಕಕ್ಕೆ ಸಾಕು. ಆದರೆ ಕಾರು ಮಾಡಿದವರು ಎಸ್ ಬಿಟ್ಟು ಟಿ ಬರೆದದ್ದು ಸುಮ್ನೆ ಅಲ್ಲ, ಒಂದಿಷ್ಟು ಅಂತರ ಇಟ್ಟುಕೊಂಡು ಬರೆದಿದ್ದಾರೆ. ಟೈರ್ ಹಳತಾದಂತೆ, ಗಾಳಿ ನೋಡುವುದನ್ನು ನಾವು ಮರೆತಂತೆ, ಆ ಅಂತರವೇ ನಮ್ಮನ್ನು ಕಾಯುವುದು. ಎರಡು ಎಸ್, ಎರಡು ಟಿ ಹಾಕಿದರೂ ಇಡೀ ಕಾರು ಎಸ್ ಆದ ಹಾಗೇ ಲೆಕ್ಕ.

ಕೈಪಿಡಿಯ ಅಕ್ಷರದಿಂದ ಮೇಲಕ್ಕೆ ಏನು ಬೇಕಾದರೂ ಹಾಕಬಹುದು, ಆದರೆ ಮೇಲಕ್ಕೆ ಹೋದಷ್ಟೂ ಒಳ್ಳೆಯದು ಅನ್ನುವುದು ಮಾತ್ರ ಸುಳ್ಳು. ನನ್ನ ಕಾರಿಗೆ ನಿಜವಾಗಿ ಸರಿಹೊಂದುವುದು ಟಿ. ಮೆತ್ತಗೆ ಕೂತಿದ್ದು, ಹಳೇ ಮೂಳೆಗಳಿಗೆ ಪೆಟ್ಟು ತಾಗದಂತೆ ನೋಡಿಕೊಳ್ಳುತ್ತದೆ. ಸ್ಟೇರಿಂಗ್ ಚುರುಕು ಬೇಕು ಅನ್ನುವವರು ಎಚ್ ಹಾಕಿಸಲಿ, ಅದಕ್ಕೂ ಮೊದಲು ಬುಷ್ ನೋಡಿಸಲಿ. 15 ಇಂಚಿನ ವಿ ನಾನಂತೂ ಹಾಕೆ.

ಮತ್ತೆ ನಾನು ಎಚ್ ತಂದದ್ದು ಯಾಕೆ? ಈ ಸಲ ಟೈರ್ ಬದಲಿಸುವಾಗ ಟಿ ಕೇಳಲೆಂದೇ ಹೋಗಿದ್ದೆ. ಅಂಗಡಿಯವರು ಒಳಗಿಂದ ನಾಲ್ಕು ಟಿ ಉರುಳಿಸಿಕೊಂಡು ಬಂದರು. ಮಂಡಿಯೂರಿ, ಮೊಬೈಲ್ ಬೆಳಕು ಬಿಟ್ಟು, ಅಂಡಾಕಾರದ ಗುರುತು ಹುಡುಕಿದೆ. ಮೂರು ವರ್ಷದ ಹಿಂದಿನವು, ಒಂದರಲ್ಲಿ ಇನ್ನೂ ಹಿಂದಿನ ವರ್ಷ. ಪಕ್ಕದಲ್ಲಿದ್ದ ಎಚ್ ನೋಡಿದೆ. ಬಂದು ಎರಡು ತಿಂಗಳಾಗಿತ್ತು, ಭಾರ 86, ಮೈಮೇಲಿನ ರಬ್ಬರ್ ಮುಳ್ಳುಗಳು ಇನ್ನೂ ಹಾಗೇ ಇದ್ದವು. ಅದನ್ನೇ ಹಾಕಿ ಅಂದೆ.

"ನಾಲ್ಕಾ ಸಾರ್?" ಅಂದರು. ಡಿಕ್ಕಿ ತೆಗೆದು ಸ್ಟೆಪ್ನಿಯ ಧೂಳು ಒರೆಸಿದೆ. ಅದರ ಮೇಲೆ ನಾಲ್ಕು ಅಂಕಿಯೇ ಇರಲಿಲ್ಲ, ಮೂರೇ ಇದ್ದವು: 228. 2000ಕ್ಕಿಂತ ಹಿಂದಿನ ಟೈರಿಗೆ ಮೂರಂಕಿ ಹಾಕುತ್ತಿದ್ದರು. 1998ರ 22ನೇ ವಾರ. ಕಾರಿನ ಜೊತೆ ಹುಟ್ಟಿ, ಒಮ್ಮೆಯೂ ರಸ್ತೆ ಕಾಣದೆ, ಟ್ರೆಡ್ ಹೊಚ್ಚಹೊಸದು. ಗೋಡೆಯ ಮೇಲೆ 86ಟಿ ಅಂತ ಅಚ್ಚುಕಟ್ಟಾಗಿ ಓದಬಹುದಿತ್ತು.

"ಐದು" ಅಂದೆ.