ಇ-ರೀಡರ್, ಅಚ್ಚಿನ ಪುಸ್ತಕ: ಕನ್ನಡ ಓದು ಯಾವುದರಲ್ಲಿ ಬೇಗ?

ಒಂದೇ ಕನ್ನಡ ಕಾದಂಬರಿಯನ್ನು ಎರಡರಲ್ಲೂ ಓದಿ ನೋಡಿದೆ. ಒಂದು ಅಧ್ಯಾಯ ಪುಸ್ತಕದಲ್ಲಿ, ಮುಂದಿನದು ಆರಿಂಚಿನ ಇ-ರೀಡರ್‌ನಲ್ಲಿ (ಪುಸ್ತಕ ಓದಲೆಂದೇ ಮಾಡಿದ ಸಾಧನ), ಹೀಗೇ ಕೊನೆಯವರೆಗೆ. ಇ-ರೀಡರ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟಗಳೂ ಜಾಸ್ತಿಯಾಗುತ್ತವೆ. ಹಾಗಾಗಿ ಅಚ್ಚಿನ ಪುಟವನ್ನೇ ಎರಡಕ್ಕೂ ಅಳತೆಗೋಲು ಮಾಡಿಕೊಂಡು ಮೊಬೈಲಿನಲ್ಲಿ ಸಮಯ ನೋಡಿದೆ.

ಶುರುವಿನಲ್ಲಿ ಪುಸ್ತಕವೇ ಮುಂದಿತ್ತು. 2010ರಲ್ಲಿ ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ ನಡೆಸಿದ ಪರೀಕ್ಷೆಯಲ್ಲೂ ಕಿಂಡಲ್ (ಅಮೆಜಾನ್‌ನ ಇ-ರೀಡರ್) ಓದು ಪುಸ್ತಕಕ್ಕಿಂತ ಶೇ. 10.7 ನಿಧಾನ ಎಂದು ಬಂದಿತ್ತು. ಆದರೆ ಅದು ಇಂಗ್ಲಿಷ್ ಓದು, ಪರದೆಯಲ್ಲಿ ಇಂಚಿಗೆ 167 ಚುಕ್ಕೆಗಳಷ್ಟೇ ಇದ್ದ ಕಾಲದ್ದು. ಈಗ 300 ಚುಕ್ಕೆಗಳ ಪರದೆ ಮಾಮೂಲಿ. ಕನ್ನಡದ ತೊಡಕೇ ಬೇರೆ. ಅಕ್ಷರ ಚಿಕ್ಕದಿದ್ದರೆ ‘ರಾಷ್ಟ್ರ’ದಂಥ ಪದದ ಒತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದೊಡ್ಡದು ಮಾಡಿದರೆ ‘ಹೋಗಬೇಕಾಗಿದ್ದರಿಂದ’ ಅನ್ನುವ ಒಂದೇ ಪದ ಅರ್ಧ ಸಾಲು ನುಂಗುತ್ತದೆ. ಸಾಲಿಗೆ ಮೂರೇ ಪದವಾದರೆ ಕಣ್ಣಿಗೆ ಬರೀ ಓಡಾಟ, ಅಲ್ವಾ? ಕೊನೆಗೆ ಅಕ್ಷರ ಮಧ್ಯಮ ಗಾತ್ರಕ್ಕೆ ಇಟ್ಟೆ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಟ್ಟು, ಅಂಚು ಕಡಿಮೆ ಮಾಡಿದೆ. ಬಲಗಡೆ ಸಾಲು ಸಮ ಮಾಡುವುದನ್ನೂ ನಿಲ್ಲಿಸಿದೆ. ಆಮೇಲೆ ಎರಡರ ವೇಗದಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ.

ಅಮ್ಮನಿಗೆ ಮಾತ್ರ ಇ-ರೀಡರೇ ಬೇಗ. ಅವರು ಅಕ್ಷರ ತುಂಬ ದೊಡ್ಡದು ಮಾಡಿಕೊಂಡು ಓದುತ್ತಾರೆ. ಚಿಕ್ಕ ಸಾಲು ಅವರಿಗೆ ತೊಂದರೆಯೇ ಅಲ್ಲ. ಸಕಲೇಶಪುರದ ಕಡೆ ಮಳೆಗಾಲದ ಸಂಜೆ ಕರೆಂಟ್ ಹೋದಾಗಲೂ ಅದೇ ಗೆಲ್ಲುತ್ತದೆ, ಒಳಗೇ ದೀಪ ಇದೆಯಲ್ಲ.

ಸ್ಕ್ಯಾನ್ ಮಾಡಿದ ಪಿಡಿಎಫ್‌ಗೆ ಬಂದರೆ ಪೂರ್ತಿ ಉಲ್ಟಾ. ಹಾಸನ ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ 5ನೇ ಸಂಪುಟ ತೆರೆದೆ. ಇದು ಬಿ.ಎಲ್. ರೈಸ್ 1902ರಲ್ಲಿ ಹೊರತಂದದ್ದು. ಅಗಲವಾದ ಪುಟ ಆರಿಂಚಿಗೆ ಇಳಿದಾಗ ಅಕ್ಷರ ಸಾಸಿವೆ ಕಾಳಿನಷ್ಟು. ಹಿಗ್ಗಿಸಿದರೆ ಸಾಲಿನ ಕೊನೆ ಪರದೆಯಾಚೆ ಹೋಗುತ್ತದೆ. ಎಳೆದಾಗಲೆಲ್ಲ ಪರದೆ ಒಂದು ಸಲ ಕಪ್ಪಾಗಿ, ಮತ್ತೆ ಮೂಡಬೇಕು. ಈ ಸಂಪುಟದಲ್ಲಿ ಶಾಸನದ ಕನ್ನಡ ಮೂಲ ಒಂದು ಭಾಗದಲ್ಲಿ, ಇಂಗ್ಲಿಷ್ ಅನುವಾದ ಇನ್ನೊಂದು ಭಾಗದಲ್ಲಿ. ಬೇಲೂರಿನ ಒಂದು ಶಾಸನ ಓದಲು ಹತ್ತು ಸಲ ಹಿಂದೆ ಮುಂದೆ ಹೋಗಬೇಕು. ಅಚ್ಚಿನ ಸಂಪುಟದಲ್ಲಾದರೆ ಒಂದು ಬೆರಳು ಇಲ್ಲಿ, ಇನ್ನೊಂದು ಅಲ್ಲಿ ಇಟ್ಟರೆ ಸಾಕು. ಇ-ರೀಡರ್‌ನಲ್ಲಿ ನಾಲ್ಕು ಸಾಲು ಓದುವಷ್ಟರಲ್ಲಿ ಪುಸ್ತಕದಲ್ಲಿ ಇಡೀ ಶಾಸನ ಮುಗಿದಿರುತ್ತದೆ.

ವೇಗದ ಜೊತೆಗೆ ನೆನಪೂ ಮುಖ್ಯ. ನಾರ್ವೆಯ ಸಂಶೋಧಕಿ ಆನ್ ಮಾಂಗೆನ್ ಮತ್ತು ಸಂಗಡಿಗರು 50 ಜನರಿಗೆ 28 ಪುಟದ ಕಥೆ ಓದಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುತೇಕ ವಿಷಯಗಳಲ್ಲಿ ಕಿಂಡಲ್‌ನವರೂ ಪುಸ್ತಕದವರೂ ಸಮ. ಯಾವ ಘಟನೆ ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ ಮಾತ್ರ ಪುಸ್ತಕ ಓದಿದವರು ಚುರುಕು. ನನಗೂ ಹಾಗೇ ಅನ್ನಿಸಿತು. ಪುಸ್ತಕದಲ್ಲಾದರೆ ಆ ಜಗಳ ಎಡಪುಟದ ಕೆಳಗಿತ್ತು ಅಂತ ತಟ್ಟನೆ ಹೊಳೆಯುತ್ತದೆ.

ಕಾದಂಬರಿಗಷ್ಟೇ ಆದರೆ ಆರಿಂಚಿನದನ್ನು ಧೈರ್ಯವಾಗಿ ಕೊಳ್ಳಿ. ಹಳೆಯ ಪುಸ್ತಕಗಳ ಸ್ಕ್ಯಾನ್ ಓದಲು ಬೇಕಿದ್ದರೆ ಹತ್ತಿಂಚಿನದನ್ನೇ ನೋಡಿ. ಕೊಳ್ಳುವ ಮೊದಲು ನಿಮ್ಮದೇ ಒಂದು ಪಿಡಿಎಫ್ ಅದರಲ್ಲಿ ತೆರೆದು, ಒಂದು ಪುಟ ಪೂರ್ತಿ ಓದಿ ನೋಡಿ.