ನೀರು ತುಂಬಿ ತೋರಿಸದ ಹಳೇ ಅಕ್ವೇರಿಯಂಗೆ ದುಡ್ಡು ಕೊಡಬೇಡಿ

ಸೆಕೆಂಡ್ ಹ್ಯಾಂಡ್ ಅಕ್ವೇರಿಯಂ ತಗೊಳ್ಳೋ ಯೋಚನೆಯಲ್ಲಿ ಇದ್ದೀರಾ? ಹಾಗಿದ್ದರೆ ದುಡ್ಡು ಕಳಿಸುವ ಮೊದಲು ಇದನ್ನು ಓದಿ. ಹಳೇ ಟ್ಯಾಂಕ್ ತಗೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಟ್ಯಾಂಕ್ ಅರ್ಧ ಬೆಲೆಗೆ ಸಿಕ್ಕವರು ನನಗೇ ಗೊತ್ತಿದ್ದಾರೆ. ಆದರೆ ಅದರಲ್ಲಿ ನೀರು ನಿಂತಿರೋದನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯೂ ಕೊಡಬೇಡಿ. ವಿಡಿಯೋ ಲೆಕ್ಕಕ್ಕಿಲ್ಲ. ನನಗೂ ವಿಡಿಯೋ ಕಳಿಸಿದ್ದರು.

ಬೆಂಗಳೂರಿನಲ್ಲಿ ಏಪ್ರಿಲ್-ಮೇ ಬಂತು ಅಂದರೆ ಮನೆ ಬದಲಿಸುವವರು ಜಾಸ್ತಿ. ಸೋಫಾ, ವಾಷಿಂಗ್ ಮಷೀನ್ ಜೊತೆಗೆ ಅಕ್ವೇರಿಯಂಗಳೂ ಮಾರಾಟಕ್ಕೆ ಬರುತ್ತವೆ. 'ಶಿಫ್ಟಿಂಗ್, ಅರ್ಜೆಂಟ್ ಸೇಲ್' ಅಂತ ಹಾಕಿರುತ್ತಾರೆ. ನಾನು ನೋಡಿದ್ದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್. ಸ್ಟ್ಯಾಂಡ್, ಟಾಪ್ ಫಿಲ್ಟರ್, ಲೈಟ್, ಹೀಟರ್, ಅರ್ಧ ಮೂಟೆ ಕಲ್ಲು, ಎಲ್ಲಾ ಸೇರಿ 9,500 ರೂಪಾಯಿ. ನೀರು ತುಂಬಿದೆಯಾ ಅಂತ ಫೋನ್‌ನಲ್ಲೇ ಕೇಳಿದೆ. "ಹೋದ ವಾರ ತಾನೇ ಖಾಲಿ ಮಾಡಿದ್ದು ಸರ್, ವಿಡಿಯೋ ಇದೆ, ಕಳಿಸ್ತೀನಿ" ಅಂದರು. ವಿಡಿಯೋದಲ್ಲಿ ಟ್ಯಾಂಕ್ ತುಂಬಾ ನೀರು, ಎರಡು ದಪ್ಪ ಆಸ್ಕರ್ ಮೀನು, ಹಿಂದೆ ಟಿವಿ ಸದ್ದು. ಎಲ್ಲಾ ಸರಿಯಾಗೇ ಇತ್ತು.

ಹೋಗಿ ನೋಡಿದಾಗ ಟ್ಯಾಂಕ್ ಬಾಲ್ಕನಿಯಲ್ಲಿ ಒಣಗಿ ನಿಂತಿತ್ತು. ಹಿಂದಿನ ಗಾಜಿಗೆ ನೀಲಿ ಸಮುದ್ರದ ಪೋಸ್ಟರ್ ಅಂಟಿಸಿದ್ದರು. ಅದನ್ನು ಮೂಲೆ ದಾಟಿಸಿ ಪಕ್ಕದ ಗಾಜಿನ ಮೇಲೂ ನಾಲ್ಕು ಬೆರಳಷ್ಟು ಮಡಚಿದ್ದರು. ಒಳಗಿನಿಂದ ನೋಡಿದರೆ ಆ ಮೂಲೆಯಲ್ಲಿ ಗಾಜು ಅಂಟಿಸುವ ಸಿಲಿಕಾನ್ ಸ್ವಲ್ಪ ದಪ್ಪ, ಹೊಳಪು ಬೇರೆ. ಏನಿದು ಅಂದರೆ, "ಎಕ್ಸ್‌ಟ್ರಾ ಸೇಫ್ಟಿಗೆ ಇನ್ನೊಂದು ಕೋಟಿಂಗ್ ಹೊಡೆಸಿದ್ವಿ" ಅಂದರು. ಗೂಡ್ಸ್ ಆಟೋದವರು ಕೆಳಗೆ ಕಾಯುತ್ತಿದ್ದರು. ಹಳೇ ಹಾಸಿಗೆ ಹಾಸಿ, ಮಲಗಿಸದೆ, ನಿಧಾನವಾಗಿ ಮನೆಗೆ ತಂದೆವು.

ನನ್ನದು ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಇದ್ದಾರೆ. ಸ್ಟ್ಯಾಂಡ್ ಮೇಲೆ ಥರ್ಮಾಕೋಲ್ ಶೀಟ್ ಹಾಕಿ, ಮಟ್ಟ ನೋಡಿ, ಪೈಪ್ ಬಿಟ್ಟು ನೀರು ತುಂಬಿಸಿದೆ. ಮೀನು ಇನ್ನೂ ಬಿಟ್ಟಿರಲಿಲ್ಲ. ಮೊದಲ ರಾತ್ರಿ ಏನೂ ಆಗಲಿಲ್ಲ. ಸೀಳಿದ ಗಾಜಾದರೆ ಒಂದೇ ಸಲ ಗೊತ್ತಾಗುತ್ತದೆ. ಜಾಯಿಂಟ್ ಹಾಗಲ್ಲ, ಅದು ಮೊದಲು ಸುಮ್ನೆ ಬೆವರುತ್ತದೆ. ಸ್ಟ್ಯಾಂಡ್ ಪಾರ್ಟಿಕಲ್ ಬೋರ್ಡ್‌ನದ್ದು, ಹೊರಗೆ ಲ್ಯಾಮಿನೇಟ್. ಜಿನುಗಿದ ನೀರನ್ನೆಲ್ಲಾ ಬೋರ್ಡ್ ಕುಡಿಯುತ್ತಿತ್ತು. ನೆಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ, ಹಾಗಾಗಿ ಮೇಲಿಂದ ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಓನರ್ ಆಂಟಿ ಫೋನ್. "ಏನಪ್ಪಾ, ನಲ್ಲಿ ಬಿಟ್ಟು ಮಲಗಿಬಿಟ್ಟಿದ್ದೀಯಾ? ನಮ್ಮ ಹಾಲ್‌ನಲ್ಲಿ ಫ್ಯಾನ್ ಹತ್ರ ತೊಟ್ಟಿಕ್ತಾ ಇದೆ!" ಎದ್ದು ಬಂದು ನೋಡಿದರೆ ನೀರು ನಾಲ್ಕು ಬೆರಳು ಇಳಿದಿದೆ. ಸ್ಟ್ಯಾಂಡ್‌ನ ಹಿಂದಿನ ಕಾಲು ಊದಿ, ಲ್ಯಾಮಿನೇಟ್ ಬಾಯಿ ಬಿಟ್ಟಿದೆ. ಒಳಗೆ ಇಟ್ಟಿದ್ದ ಎಕ್ಸ್‌ಟೆನ್ಶನ್ ಬಾಕ್ಸ್ ನೀರಿನಲ್ಲಿ ಕೂತಿದೆ. ಇಂಥ ಹೊತ್ತಿನಲ್ಲಿ ಯಾರೇ ಆಗಲಿ ಮೊದಲು ಮಾಡಬೇಕಾದ್ದು ಮನೆಯ ಮೇನ್ ಸ್ವಿಚ್ ಆಫ್. ಪ್ಲಗ್ ಕೀಳೋಕೆ ಕೈ ಹಾಕಬೇಡಿ. ಆಮೇಲೆ ಪೈಪ್ ಹಾಕಿ ನೀರು ಎಳೆಯೋಕೆ ಶುರು ಮಾಡಿದೆ. ಈ ಅಳತೆಯ ಟ್ಯಾಂಕ್ ಹಿಡಿಯೋದು ಸುಮಾರು 250 ಲೀಟರ್. ಅಂದರೆ ಬರೀ ನೀರೇ 250 ಕೆಜಿ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ 300 ಕೆಜಿ ದಾಟುತ್ತದೆ. ಒಂದು ಕಾಲು ಊದಿ ವಾಲಿದ ಸ್ಟ್ಯಾಂಡ್ ಮೇಲೆ ಅಷ್ಟು ಭಾರ ನಿಂತಿತ್ತು. ಅದು ಉರುಳದೇ ಇದ್ದದ್ದು ನಮ್ಮ ಪುಣ್ಯ.

ಮಾರಿದವರಿಗೆ ಫೋನ್ ಮಾಡಿದೆ. "ನಮ್ಮ ಮನೇಲಿ ಒಂದು ಹನಿ ಸೋರಿರಲಿಲ್ಲ. ನೀವು ತಗೊಂಡು ಹೋಗುವಾಗ ಏಟು ಬಿದ್ದಿರಬೇಕು" ಅಂದರು. ಮತ್ತೆ ಮಾಡಿದರೆ ನನ್ನ ನಂಬರ್ ಬ್ಲಾಕ್. ಆಗ ಆ ವಿಡಿಯೋ ತೆಗೆದು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸೋರಿದ ಮೂಲೆಯಲ್ಲಿ ಅಲ್ಲಿ ಕಾಣೋದು ಪಾಚಿ ಹಿಡಿದ, ಸಣ್ಣಗಿನ, ನೇರವಾದ ಹಳೇ ಸಿಲಿಕಾನ್ ಗೆರೆ. ನನ್ನ ಮನೆಗೆ ಬಂದ ಟ್ಯಾಂಕ್‌ನಲ್ಲಿ ಅದೇ ಜಾಗದಲ್ಲಿ ಬೆರಳಗಲದ ಹೊಳೆಯುವ ಪಟ್ಟಿ ಇದೆ. ಅಂದರೆ ವಿಡಿಯೋ ತೆಗೆದದ್ದು ಯಾವಾಗಲೋ. ಆಮೇಲೆ ಟ್ಯಾಂಕ್ ಸೋರಿದೆ, ಮೇಲೆ ಸಿಲಿಕಾನ್ ಬಳಿದಿದ್ದಾರೆ, ಪೋಸ್ಟರ್ ಮಡಚಿ ಮುಚ್ಚಿದ್ದಾರೆ. 'ಎಕ್ಸ್‌ಟ್ರಾ ಸೇಫ್ಟಿ' ಅಂದರೆ ಇದು.

ಟ್ಯಾಂಕ್ ಕಟ್ಟುವವರೊಬ್ಬರನ್ನು ಮನೆಗೆ ಕರೆಸಿದೆ. ಅವರು ಜಾಸ್ತಿ ಮಾತಾಡಲಿಲ್ಲ. ಜೇಬಿನಿಂದ ಬ್ಲೇಡ್ ತೆಗೆದು, ಆ ಹೊಸ ಪಟ್ಟಿಯ ತುದಿಗೆ ಕೊಟ್ಟು ಎತ್ತಿದರು. ಚೆನ್ನಾಗಿ ಕಾದ ಕಾವಲಿಯಿಂದ ದೋಸೆ ಏಳುವ ಹಾಗೆ, ಮೇಲಿಂದ ಕೆಳಗಿನವರೆಗೆ ಇಡೀ ಪಟ್ಟಿ ಒಂದೇ ಎಳೆಯಲ್ಲಿ ಬಂತು. ಕೆಳಗೆ ಹಳದಿ ತಿರುಗಿದ ಹಳೇ ಸಿಲಿಕಾನ್ ಹಾಗೇ ಇತ್ತು. "ಹೊಸ ಸಿಲಿಕಾನ್ ಗಾಜಿಗೆ ಹಿಡಿಯತ್ತೆ ಸಾರ್, ಹಳೇ ಸಿಲಿಕಾನ್‌ಗೆ ಹಿಡಿಯಲ್ಲ" ಅಂದರು. ಈ ಒಂದು ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಸೋರುವ ಜಾಯಿಂಟ್ ಮೇಲೆ ಬಳಿದರೆ ರಿಪೇರಿ ಆಗುವುದಿಲ್ಲ, ಸೋರುವುದು ನಾಲ್ಕು ದಿನ ಮುಂದಕ್ಕೆ ಹೋಗುತ್ತದೆ ಅಷ್ಟೇ. ಸರಿಯಾಗಿ ಮಾಡಬೇಕಾದರೆ ಹಳೆಯದನ್ನು ಬ್ಲೇಡ್‌ನಿಂದ ಪೂರ್ತಿ ಕೆರೆದು, ಗಾಜನ್ನು ಸ್ಪಿರಿಟ್‌ನಲ್ಲಿ ಒರೆಸಿ, ಹೊಸದಾಗಿ ಹಾಕಿ, ವಾರ ಒಣಗಲು ಬಿಡಬೇಕು. ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ನೋಡಲು ಹೋದ ಟ್ಯಾಂಕ್‌ನಲ್ಲಿ ಆ ವಾಸನೆ ಇನ್ನೂ ಇದ್ದರೆ ಮೊನ್ನೆ ಮೊನ್ನೆ ಯಾರೋ ಏನೋ ಮುಚ್ಚಿದ್ದಾರೆ ಅಂತ ತಿಳಿಯಿರಿ. ಇನ್ನೊಂದು, ಬಾತ್‌ರೂಮ್‌ಗೆ ಹಾಕುವ ಸಿಲಿಕಾನ್‌ನಲ್ಲಿ ಬೂಷ್ಟು ಹಿಡಿಯದಿರಲು ಔಷಧಿ ಸೇರಿಸಿರುತ್ತಾರೆ. ಅದು ಮೀನಿಗೆ ವಿಷ. ಮನೆಯಲ್ಲೇ ರಿಪೇರಿ ಮಾಡಿದವರು ಯಾವುದು ಬಳಿದಿದ್ದಾರೋ ನಿಮಗೆ ಹೇಗೆ ಗೊತ್ತಾಗಬೇಕು?

ಜಾಯಿಂಟ್‌ನಲ್ಲಿ ಎರಡು ಭಾಗ ಇರುತ್ತದೆ. ಒಳಮೂಲೆಯಲ್ಲಿ ಬೆರಳಿನಿಂದ ಎಳೆದ ಗೆರೆ ಕಣ್ಣಿಗೆ ಕಾಣುತ್ತದೆ. ಟ್ಯಾಂಕನ್ನು ಹಿಡಿದು ನಿಲ್ಲಿಸಿರೋದು ಅದಲ್ಲ, ಗಾಜು ಗಾಜು ಕೂಡುವ ಕಡೆ ನಡುವೆ ಇರುವ ತೆಳು ಪದರ. ಟಾರ್ಚ್ ಬಿಟ್ಟು ಹೊರಗಿನಿಂದ ಆ ಪದರ ನೋಡಿ. ಒಂದೇ ಸಮ ಇರಬೇಕು. ಗುಳ್ಳೆ, ಬಿಳಿ ಮಚ್ಚೆ, ಪಾಚಿ ಒಳಗೆ ನುಗ್ಗಿದ ಹಸಿರು ಗೀರು ಕಂಡರೆ ಮಾತು ಮುಗಿಯಿತು, ವಾಪಸ್ ಬನ್ನಿ. ಪೋಸ್ಟರ್ ಇದ್ದರೆ ಕೀಳಿಸಿ ನೋಡಿ. ಕೀಳಲು ಬಿಡದಿದ್ದರೆ ಯಾಕೆ ಅಂತ ನಿಮಗೇ ಗೊತ್ತಾಯಿತಲ್ಲ.

ಇಷ್ಟು ತಲೆಕೆಡಿಸಿಕೊಳ್ಳೋದು ಯಾಕೆ ಅನ್ನಬಹುದು. ನೀರು ಗಾಜನ್ನು ಎಷ್ಟು ಜೋರಾಗಿ ತಳ್ಳುತ್ತದೆ ಅನ್ನೋದು ನಮ್ಮ ಅಂದಾಜಿಗೆ ಬರುವುದಿಲ್ಲ. ನಾನು ಹೇಳಿದ ಅಳತೆಯ ಟ್ಯಾಂಕ್ ತುಂಬಿದಾಗ ಮುಂದಿನ ಗಾಜಿನ ಮೇಲೆ ಸುಮಾರು 120 ಕೆಜಿ ಒತ್ತಡ ಇರುತ್ತದೆ, ಹಗಲೂ ರಾತ್ರಿ. ಅದೇ ಉದ್ದದ ಟ್ಯಾಂಕ್ ಎರಡಡಿ ಎತ್ತರ ಇದ್ದರೆ ಒತ್ತಡ ಇನ್ನೂ ಮುಕ್ಕಾಲು ಪಾಲು ಜಾಸ್ತಿ. ಎತ್ತರ ಏರಿದಷ್ಟೂ ಗಾಜು ದಪ್ಪ ಬೇಕು. ಅದಕ್ಕೇ ಹೋಗುವಾಗ ಸ್ಕೇಲ್ ತಗೊಂಡು ಹೋಗಿ, ಮೇಲಿನ ಅಂಚಿನಲ್ಲಿ ದಪ್ಪ ಅಳೆಯಿರಿ. ಒಂದೂವರೆ ಅಡಿ ಎತ್ತರದ 4 ಅಡಿ ಟ್ಯಾಂಕ್‌ಗೆ 10 ಎಂಎಂ ಇದ್ದರೆ ನೆಮ್ಮದಿ. 6 ಎಂಎಂ ಅಂದರೆ ಪುಕ್ಕಟೆ ಕೊಟ್ಟರೂ ಬೇಡ. ಮೇಲೆ ಅಡ್ಡಕ್ಕೆ ಗಾಜಿನ ಪಟ್ಟಿ ಕೂರಿಸಿರುತ್ತಾರಲ್ಲ, ಅದು ಕಿತ್ತುಹೋಗಿದ್ದರೂ ಬೇಡ. ನೀರು ತುಂಬಿದಾಗ ಮುಂದಿನ, ಹಿಂದಿನ ಗಾಜು ಉಬ್ಬದಂತೆ ಹಿಡಿಯೋದೇ ಅದು. "ಅಯ್ಯೋ, ಅದು ಕ್ಲೀನ್ ಮಾಡೋಕೆ ಅಡ್ಡ ಬರ್ತಿತ್ತು, ತೆಗೆದ್ವಿ" ಅನ್ನುವವರೂ ಇದ್ದಾರೆ!

'ಎಲ್ಲಾ ಸೇರಿ' ಅನ್ನುವ ಮಾತಿಗೆ ಬರೋಣ. ಬೆಲೆ ಏರುವುದೇ ಅದರಿಂದ. ಫಿಲ್ಟರ್ ಪಂಪ್ ಬಕೆಟ್ ನೀರಿನಲ್ಲಿ ಓಡಿಸಿ ನೋಡಿ, ಸದ್ದಿಲ್ಲದೆ ಓಡಿದರೆ ತಗೊಳ್ಳಬಹುದು. ಆದರೆ "ಹಳೇ ಫಿಲ್ಟರ್ ಇದೆ, ಇವತ್ತೇ ಮೀನು ಬಿಡಬಹುದು" ಅಂದರೆ ನಂಬಬೇಡಿ. ಮೀನಿನ ಕೊಳೆಯಿಂದ ಬರುವ, ಮೀನಿಗೇ ವಿಷವಾದ ಅಮೋನಿಯಾವನ್ನು ಬೇರೆ ರೂಪಕ್ಕೆ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನ ಸ್ಪಂಜಿನಲ್ಲಿ ಬೆಳೆದಿರುತ್ತದೆ, ನಿಜ. ಸ್ಪಂಜು ಒಣಗಿದರೆ ಅದು ಸಾಯುತ್ತದೆ. ಮತ್ತೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು, ಹೊಸ ಟ್ಯಾಂಕ್‌ಗೆ ಬೇಕಾದಷ್ಟೇ. ಹೀಟರ್ ಅಂತೂ ಹಳೆಯದು ಬೇಡವೇ ಬೇಡ. ಗಾಜಿನ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರಿಗೆ ಕರೆಂಟ್ ಬರುತ್ತದೆ. ಹಾಕುವುದಾದರೆ ಹೊಸದು ಹಾಕಿ, ಮನೆಯಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ನೋಡಿಕೊಳ್ಳಿ. ಸ್ಟ್ಯಾಂಡ್ ಕಬ್ಬಿಣದ ಚೌಕ ಪೈಪ್ ವೆಲ್ಡ್ ಮಾಡಿದ್ದಾದರೆ ಕಣ್ಣು ಮುಚ್ಚಿ ತಗೊಳ್ಳಿ. ಪಾರ್ಟಿಕಲ್ ಬೋರ್ಡ್ ಬಗ್ಗೆ ಮೇಲೆ ಹೇಳಿದ್ದೇನೆ.

ಹಳೇ ಕಲ್ಲಿನ ಜೊತೆ ಕಾಯಿಲೆಯೂ ಬರಬಹುದು. ಬಿಳಿ ಚುಕ್ಕೆ ರೋಗದ ಪರಾವಲಂಬಿ ಜೀವಿ ಮೀನಿನ ಮೈಯಿಂದ ಉದುರಿ ತಳದ ಕಲ್ಲಿನಲ್ಲೇ ಮರಿ ಮಾಡುವಂಥದ್ದು. ಒದ್ದೆ ಕಲ್ಲು ತಂದು ಹಾಗೇ ಸುರಿಯಬೇಡಿ. ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಯಾವ ಔಷಧಿ ಹಾಕಿದ್ದರು ಅಂತಲೂ ಕೇಳಿ. ತಾಮ್ರದ ಅಂಶ ಇರುವ ಔಷಧಿ ಹಾಕಿದ್ದ ಟ್ಯಾಂಕ್‌ನಲ್ಲಿ ಸೀಗಡಿ, ಬಸವನಹುಳು ಸಾಕುವುದು ಕಷ್ಟ, ಅವಕ್ಕೆ ಚೂರು ತಾಮ್ರವೂ ಆಗುವುದಿಲ್ಲ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕದೆ ಹಳೇ ಟ್ಯಾಂಕ್ ತೊಳೆಯಬೇಡಿ. ಮೈಕೋಬ್ಯಾಕ್ಟೀರಿಯಂ ಮರೀನಮ್ ಅನ್ನುವ ಬ್ಯಾಕ್ಟೀರಿಯಾ, ಕ್ಷಯದ ಬ್ಯಾಕ್ಟೀರಿಯಾದ ಸಂಬಂಧಿ, ಗಾಯದ ಮೂಲಕ ಒಳಗೆ ಹೋದರೆ ಬೆರಳಿನಲ್ಲಿ ಆಗುವ ಗಂಟು ತಿಂಗಳುಗಟ್ಟಲೆ ವಾಸಿಯಾಗುವುದಿಲ್ಲ.

ಮೀನನ್ನೂ ಪುಕ್ಕಟೆ ಕೊಡುತ್ತೇವೆ ಅಂದರೆ ಯಾವ ಮೀನು ಕೇಳಿ. ಸಾಮಾನ್ಯವಾಗಿ ಅದು ಸಕ್ಕರ್ ಮೀನು. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಬೆಳೆದರೆ ಒಂದಡಿ ದಾಟುತ್ತದೆ. ಸಾಕಲು ಆಗುವುದಿಲ್ಲ ಅಂತ ಜನ ಕೆರೆಗೆ ಬಿಟ್ಟು ಬಿಟ್ಟು ಈಗ ಊರ ಕೆರೆಗಳಲ್ಲೂ ಅದು ಸೇರಿಕೊಂಡಿದೆ. ಬೇಡ ಅನಿಸಿದರೆ ಮಾರುವವರಿಗೇ ಬಿಡಿ, ಕೆರೆಗೆ ಮಾತ್ರ ಬೇಡ.

ಲೆಕ್ಕ ಹೇಳಿಬಿಡುತ್ತೇನೆ. ಟ್ಯಾಂಕ್ 9,500. ಗೂಡ್ಸ್ ಆಟೋ, ಲೋಡಿಂಗ್ ಬೇರೆ. ಆಂಟಿಯ ಹಾಲ್‌ನಲ್ಲಿ ಸೀಲಿಂಗ್ ಒಣಗಿಸಿ ಪುಟ್ಟಿ ಹಾಕಿ ಪೇಂಟ್ ಹೊಡೆಸಿದ್ದು, ಫ್ಯಾನ್ ಪಾಯಿಂಟ್‌ನ ವೈರ್ ಬದಲಿಸಿದ್ದು ನನ್ನ ಜೇಬಿನಿಂದ. ಸ್ಟ್ಯಾಂಡ್ ಕಸಕ್ಕೆ ಹೋಯಿತು. ಟ್ಯಾಂಕ್ ಕಟ್ಟುವವರು ಎಲ್ಲಾ ಜಾಯಿಂಟ್ ಬಿಚ್ಚಿ ಮತ್ತೆ ಅಂಟಿಸಲು ಕೇಳಿದ ಕೂಲಿಗೆ ಇನ್ನು ಸ್ವಲ್ಪ ಸೇರಿಸಿದರೆ ಹೊಸ ಗಾಜಿನಲ್ಲೇ ಕಟ್ಟಿಕೊಡುತ್ತಿದ್ದರು. ಎಲ್ಲಾ ಕೂಡಿಸಿದರೆ ಹೊಸದಾಗಿ ಕಟ್ಟಿಸಿ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮೀನು ತಂದರೂ ದುಡ್ಡು ಉಳಿಯುತ್ತಿತ್ತು.

ಹಾಗಾಗಿ ನೋಡಲು ಹೋಗುವ ಹಿಂದಿನ ದಿನವೇ ಫೋನ್ ಮಾಡಿ, ಟ್ಯಾಂಕನ್ನು ಮಟ್ಟದ ನೆಲದಲ್ಲಿ ಥರ್ಮಾಕೋಲ್ ಮೇಲಿಟ್ಟು ಅಂಚಿನವರೆಗೆ ನೀರು ತುಂಬಿಸಿ ಇಡಲು ಹೇಳಿ. ಸಾಧ್ಯವಾದರೆ ತುಂಬುವಾಗ ನೀವೂ ಇರಿ. ಅರ್ಧ ತುಂಬಿದ್ದು ಲೆಕ್ಕಕ್ಕೆ ಬರಲ್ಲ, ಒತ್ತಡ ಇರೋದು ಪೂರ್ತಿ ತುಂಬಿದಾಗ. ನೀರಿನ ಮಟ್ಟಕ್ಕೆ ಹೊರಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಸುತ್ತಲೂ ನ್ಯೂಸ್‌ಪೇಪರ್ ಹಾಸಿ, ಒಂದು ಅಂಚು ಟ್ಯಾಂಕ್ ಕೆಳಗೆ ಸಿಕ್ಕಿಸಿ. ಪೇಪರ್ ಒಂದು ಹನಿಯನ್ನೂ ಮುಚ್ಚಿಡುವುದಿಲ್ಲ. ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ ಬಿಟ್ಟು ಬಂದು ನೋಡಿ, ಒಣಗಿದ ಟಿಶ್ಯೂವನ್ನು ನಾಲ್ಕೂ ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ಎಳೆಯಿರಿ. ಅಷ್ಟು ನೀರು ಎಲ್ಲಿಂದ ತರೋದು, ಟೈಮ್ ಇಲ್ಲ, ಇನ್ನೊಬ್ಬರು ಬರ್ತಿದ್ದಾರೆ ಅಂತ ಹೇಳಬಹುದು. ನೀರಿನ ಖರ್ಚು ನಾನೇ ಕೊಡ್ತೀನಿ ಅನ್ನಿ. ಅದಕ್ಕೂ ಒಪ್ಪದಿದ್ದರೆ, ಅದು ಟ್ಯಾಂಕ್ ಅಲ್ಲ, ಐದು ತುಂಡು ಹಳೇ ಗಾಜು. ಅಂಗಡಿಯಲ್ಲಿ ಅಷ್ಟು ಗಾಜಿಗೆ ಎಷ್ಟು ಅಂತ ವಿಚಾರಿಸಿ, ಬಿಚ್ಚಿ ಅಂಟಿಸುವ ಕೂಲಿ ಕಳೆದು, ಉಳಿದದ್ದನ್ನು ಮಾತ್ರ ಬೆಲೆ ಅಂತ ಹೇಳಿ.