ತಗ್ಗಿಸುವ ಸ್ಪ್ರಿಂಗ್: ಮೂವತ್ತೋ, ನಲವತ್ತೋ?

2018ರ ಮಾದರಿಯ ನನ್ನ ಸ್ವಿಫ್ಟ್ ಕಾರಿಗೆ ಒಂದಾದ ಮೇಲೊಂದರಂತೆ ಕಾರಿನ ಎತ್ತರವನ್ನು ತಗ್ಗಿಸುವ ಸ್ಪ್ರಿಂಗುಗಳ ಎರಡು ಸೆಟ್ ಹಾಕಿಸಿ, ಮೈಸೂರು ಮತ್ತು ಮಂಡ್ಯದ ರಸ್ತೆಗಳಲ್ಲಿ ಓಡಿಸಿ ನೋಡಿದ್ದೇನೆ. ಮೊದಲನೆಯದು 40 ಮಿ.ಮೀ. ತಗ್ಗಿಸುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿದ್ದ, ಸುರುಳಿಗಳೆಲ್ಲ ಸಮ ಅಂತರದಲ್ಲಿದ್ದ ಲೀನಿಯರ್ ಸ್ಪ್ರಿಂಗ್. ಎರಡನೆಯದು 30 ಮಿ.ಮೀ.ನ, ಒಂದು ತುದಿಯಲ್ಲಿ ಸುರುಳಿಗಳು ಒತ್ತೊತ್ತಾಗಿರುವ ಪ್ರೋಗ್ರೆಸಿವ್ ಸ್ಪ್ರಿಂಗ್. ಕಂಪನಿಯ ಸ್ಪ್ರಿಂಗನ್ನೇ ಕತ್ತರಿಸಿಬಿಡುವ ಅಗ್ಗದ ಉಪಾಯವನ್ನು ನಾನು ಪರೀಕ್ಷೆಗೂ ತೆಗೆದುಕೊಳ್ಳಲಿಲ್ಲ. ಕೆಲಸ ಮಾಡುವ ಆರು ಸುರುಳಿಗಳಲ್ಲಿ ಒಂದನ್ನು ತೆಗೆದರೆ ಸ್ಪ್ರಿಂಗ್ ಶೇ. 20ರಷ್ಟು ಬಿಗಿಯಾಗುತ್ತದೆ, ಜೊತೆಗೆ, ಕತ್ತರಿಸಿದ ತುದಿ ಪೀಠದಲ್ಲಿ ಸರಿಯಾಗಿ ಕೂರದೆ, ಗಾಲಿ ಜೋತುಬಿದ್ದಾಗ ಜಾಗ ತಪ್ಪಬಹುದು.

ಅಳತೆ ಕೆಟ್ಟರೆ ಹೋಲಿಕೆಗೆ ಅರ್ಥವಿಲ್ಲ. ನೆಲದಿಂದ ಫೆಂಡರಿನ, ಅಂದರೆ ಗಾಲಿಯ ಮೇಲಿನ ಮಡ್‌ಗಾರ್ಡಿನ, ಅಂಚಿಗೆ ಟೇಪು ಹಿಡಿದರೆ ಟೈರಿನ ಸವೆತವೂ ಗಾಳಿಯೂ ಲೆಕ್ಕದೊಳಗೆ ನುಸುಳುತ್ತವೆ. ಆದ್ದರಿಂದ ಗಾಲಿಯ ನಡುಬಿಂದುವಿನಿಂದ ನೇರವಾಗಿ ಮೇಲಕ್ಕೆ ಫೆಂಡರಿನ ಅಂಚಿನವರೆಗೆ ಅಳೆದೆ. ನಮ್ಮ ಮನೆಯ ಪೋರ್ಟಿಕೊ ನೀರು ಹರಿಯಲೆಂದು ಬೀದಿಯ ಕಡೆಗೆ ಇಳಿಜಾರಾಗಿದೆ. ಪಕ್ಕದ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯಿಂದ ನೀರು ತುಂಬಿದ ಮಟ್ಟದ ಟ್ಯೂಬನ್ನು ಕೇಳಿ ಪಡೆದು, ನಾಲ್ಕು ಗಾಲಿಗಳ ಜಾಗವನ್ನೂ ಪರೀಕ್ಷಿಸಿ, ತಗ್ಗಿದ್ದಲ್ಲಿ ಪ್ಲೈವುಡ್ ತುಂಡುಗಳನ್ನು ಇಟ್ಟೆ. ಅರ್ಧ ಟ್ಯಾಂಕ್ ಪೆಟ್ರೋಲ್, ಖಾಲಿ ಡಿಕ್ಕಿ, ಒಳಗೆ ಯಾರೂ ಇರಕೂಡದು. ಜಾಕಿನಿಂದ ಇಳಿಸಿದ ಕೂಡಲೇ ಕಾರು ಎತ್ತರವಾಗಿಯೇ ನಿಂತಿರುವುದರಿಂದ, ಒಂದೆರಡು ಮೀಟರ್ ಹಿಂದಕ್ಕೂ ಮುಂದಕ್ಕೂ ತಳ್ಳಿದ ಮೇಲಷ್ಟೇ ಟೇಪು ಹಿಡಿಯಬೇಕು. ಕಂಪನಿಯ ಸ್ಪ್ರಿಂಗಿನಲ್ಲಿ ಮುಂದೆ 376, ಹಿಂದೆ 372 ಮಿ.ಮೀ. ಇತ್ತು.

ಲೀನಿಯರ್ ಸ್ಪ್ರಿಂಗ್ ಹಾಕಿಸಿದ ದಿನ ಮುಂದಿನ ಎಡಗಡೆ 341, ಬಲಗಡೆ 347 ಬಂತು. ಸ್ಪ್ರಿಂಗೇ ದೋಷದ್ದೆಂದು ಗ್ಯಾರೇಜಿನವರು ಕೈತೊಳೆದುಕೊಂಡರು. ನಿಜವಾಗಿ ಅವರು ಗಾಲಿಯನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಬಲಗಡೆಯ ತೋಳಿನ (ಕಂಟ್ರೋಲ್ ಆರ್ಮ್) ಬೋಲ್ಟನ್ನು ಗಾಲಿ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿದಿದ್ದರು; ತಿರುಚಿಕೊಂಡ ರಬ್ಬರ್ ಬುಷ್ ಕಾರನ್ನು ಆ ಕಡೆ ಎತ್ತಿ ಹಿಡಿದಿತ್ತು. ಹಾಗೆಯೇ ಬಿಟ್ಟಿದ್ದರೆ ಬುಷ್ ಬೇಗ ಹರಿಯುತ್ತಿತ್ತು. ಕಾರಿನ ಭಾರವೆಲ್ಲ ಗಾಲಿಗಳ ಮೇಲಿರುವಾಗ ಬೋಲ್ಟನ್ನು ಸಡಿಲಿಸಿ ಮತ್ತೆ ಬಿಗಿಸಿದಾಗ ಎರಡೂ ಕಡೆ 341ಕ್ಕೆ ಬಂದವು. 600 ಕಿ.ಮೀ. ಓಡಿದ ಮೇಲೆ ಸ್ಪ್ರಿಂಗ್ ಕುಳಿತು 334 ಆಯಿತು. ಅಂದರೆ ಪೆಟ್ಟಿಗೆಯ ನಲವತ್ತು ನಲವತ್ತೆರಡಾಗಿತ್ತು.

ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಈ ಸ್ಪ್ರಿಂಗಿಗೆ ಸಾಟಿಯಿಲ್ಲ. ಕಾರು ವಾಲುವುದೇ ಇಲ್ಲವೆನ್ನಬೇಕು. ತೊಂದರೆ ಎದುರಾದದ್ದು ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ ಹಂಪ್, ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಸ್ವಿಫ್ಟಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2.45 ಮೀಟರ್ ಆದ್ದರಿಂದ ಅಂಥ ಹಂಪಿನ ಮೇಲೆ ಇಡೀ ಕಾರು ಹತ್ತಿ ಇಳಿಯುತ್ತದೆ. ಊರವರೇ ಮಣ್ಣು, ಜಲ್ಲಿ ಸುರಿದು ಮಾಡಿಕೊಂಡ ಕಿರಿದಾದ ದಿಣ್ಣೆಗಳಾದರೋ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಸಿಕ್ಕಿಕೊಂಡು ಕಾರಿನ ಹೊಟ್ಟೆಯನ್ನು ಕೆರೆಯುತ್ತವೆ. 163 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸಿನಲ್ಲಿ ನಲವತ್ತನ್ನು ಕಳೆದು, ಐದು ಜನ ಕುಳಿತರೆ ಉಳಿಯುವುದು ಎಷ್ಟು? ಹಿಂದಿನ ಸೀಟಿನಲ್ಲಿದ್ದ ಅಮ್ಮ ಜಕ್ಕನಹಳ್ಳಿ ದಾಟುವ ಹೊತ್ತಿಗೆ, ವಾಪಸು ಬಸ್ಸಿನಲ್ಲಿ ಬರುತ್ತೇನೆಂದರು. ಪ್ರತಿ ಗುಂಡಿಗೂ, ಸ್ಪ್ರಿಂಗ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್ ತುಂಡು (ಬಂಪ್ ಸ್ಟಾಪ್) ತಾಗಿ ಬೆನ್ನಿಗೆ ಗುದ್ದು ಬೀಳುತ್ತಿತ್ತು.

ಪ್ರೋಗ್ರೆಸಿವ್ ಸ್ಪ್ರಿಂಗ್ ಮುಂದೆ 349ಕ್ಕೆ ನಿಂತು, ಆಮೇಲೆ 346ಕ್ಕೆ ಇಳಿಯಿತು. ಒತ್ತೊತ್ತಾದ ಸುರುಳಿಗಳು ಮೊದಲು ಮುಚ್ಚಿಕೊಳ್ಳುವುದರಿಂದ ಸಣ್ಣ ಒರಟುತನ ಒಳಗೆ ತಿಳಿಯುವುದಿಲ್ಲ. ಭಾರ ಹೆಚ್ಚಿದಂತೆ ಅದು ಬಿಗಿಯುತ್ತದೆ. ಬೆಟ್ಟದ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾರು ಅರೆಕ್ಷಣ ಯೋಚಿಸಿದಂತೆ ವಾಲಿ, ನಂತರ ಸ್ಥಿರವಾಗುತ್ತದೆ. ಆ ಅರೆಕ್ಷಣ ನನಗೆ ಹಿಡಿಸದಿದ್ದರೂ ಮನೆಮಂದಿಯೊಡನೆ ಓಡಾಡುವ ಕಾರಿಗೆ ನನ್ನ ಮತ ಇದಕ್ಕೇ.

ಮೊದಲ ಸೆಟ್ಟಿನಲ್ಲಿ ಸ್ಪ್ರಿಂಗ್ ಕೂರಲಿ ಎಂದು ವೀಲ್ ಅಲೈನ್‌ಮೆಂಟನ್ನು 600 ಕಿ.ಮೀ.ವರೆಗೆ ಮುಂದೂಡಿದ್ದು ನನ್ನದೇ ತಪ್ಪು. ಕಾರು ತಗ್ಗಿದಾಗ ಟೋ, ಅಂದರೆ ಗಾಲಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗಿರುತ್ತದೆ. ಮುಂದಿನ ಟೈರುಗಳ ಒಳಅಂಚಿನ ಮೇಲೆ ಅಂಗೈ ಆಡಿಸಿದರೆ ಗರಗಸದ ಹಲ್ಲು ಮುಟ್ಟಿದಂತಾಗುತ್ತಿತ್ತು. ಎರಡನೆಯ ಸಲ ಹಾಕಿಸಿದ ದಿನವೇ ಒಮ್ಮೆ, 600 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಮಾಡಿಸಿದೆ.